ಕೇಪುಳ ಒಣಗಿದ ವರ್ಷ

ದೇರೆಬೈಲಿನ ನಮ್ಮ ಮನೆಯ ಅಂಗಳದಲ್ಲಿ ಒಂದು ಕೇಪುಳದ ಗಿಡವಿತ್ತು. ಅದನ್ನು ಕೊಂದವಳು ನಾನು ಎಂದು ನಮ್ಮ ಕುಟುಂಬದವರು ಐವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ನಾನು ಕೊಂದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಮನೆಯಲ್ಲಿ ನನಗೆ ಮೊದಲು ಮಾತಾಡುವ ಅವಕಾಶ ಯಾವತ್ತೂ ಸಿಕ್ಕಿದ್ದಿಲ್ಲ. ಕಾಗದದ ಮೇಲಾದರೂ ಸಿಗಲಿ. ಓದಿದವರು ಒಂದು ಗಿಡಕ್ಕೆ ಇಷ್ಟು ಸಿಟ್ಟೇ ಎಂದು ನಗಬಹುದು. ನಗಲಿ. ಹದಿಮೂರನೆಯ ವಯಸ್ಸಿನಲ್ಲಿ ಮಾಡದ ತಪ್ಪನ್ನು ಮಾಡಿದ್ದೇನೆಂದು ಊರಿನವರ ಎದುರು ಒಪ್ಪಿಕೊಂಡವರಿಗೆ ಮಾತ್ರ ಈ ಸಿಟ್ಟು ಎಂಥದ್ದು ಎಂದು ಗೊತ್ತಾದೀತು.

ಮನೆ ದೊಡ್ಡದೇನೂ ಆಗಿರಲಿಲ್ಲ. ಹಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಎದುರಿಗೆ ಚಾವಡಿ. ಚಾವಡಿಯ ಒಂದು ಬದಿಯಲ್ಲಿ ದೈವದ ಮಣೆ, ಅದರ ಮೇಲೆ ಕತ್ತಿ, ಗಂಟೆ, ತೂಗುದೀಪ. ಅದರಾಚೆ ಮಾಮನ ಕೋಣೆ. ಒಳಗೆ ಅಡುಗೆಮನೆ, ಅಲ್ಲಿ ಹೊಗೆಗೆ ಕಪ್ಪಾದ ಗೋಡೆಗೆ ಒರಗಿಕೊಂಡು ಅಜ್ಜಿ, ಅಮ್ಮ, ಚಿಕ್ಕಮ್ಮ, ನಾವು ಮಕ್ಕಳು ಊಟ ಮಾಡುತ್ತಿದ್ದೆವು. ಗಂಜಿ, ಸುಟ್ಟ ಒಣಮೀನು, ಒಂದು ಚಟ್ನಿ. ಚಾವಡಿಯಲ್ಲಿ ಕೂತು ಉಣ್ಣುತ್ತಿದ್ದವರು ಮಾಮ ಒಬ್ಬರೇ. ಬಂಗುಡೆಯ ನಡುವಿನ ತುಂಡು ಅಲ್ಲಿಗೆ ಹೋಗುತ್ತಿತ್ತು, ತಲೆ ಮತ್ತು ಬಾಲ ನಮಗೆ. ಬಂಗುಡೆಗೆ ತಲೆ ಬಾಲ ಬಿಟ್ಟರೆ ಉಳಿಯುವುದಾದರೂ ಎಷ್ಟು! ಬಚ್ಚಲಿನ ಪಕ್ಕ ಕಿಟಕಿ ಇಲ್ಲದ ಇನ್ನೊಂದು ಸಣ್ಣ ಕೋಣೆ ಇತ್ತು. ಬದಿಕೋಣೆ ಎಂದು ಅದಕ್ಕೆ ಹೆಸರು. ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗಾದಾಗ ಅಲ್ಲಿ ಚಾಪೆ ಹಾಕಿ ಇರಬೇಕು. ಚಾವಡಿಗೆ ಬರಲಿಕ್ಕಿಲ್ಲ, ಬಾವಿ ಮುಟ್ಟಲಿಕ್ಕಿಲ್ಲ, ಕೇಪುಳದ ಗಿಡದ ಹತ್ತಿರ ಸುಳಿಯಲಿಕ್ಕಿಲ್ಲ. ಅದರ ಹೂ ದೈವಕ್ಕೆ ಹೋಗುವಂಥದ್ದು. ಹೊರಗಾದವಳ ಕೈ ತಾಗಿದರೆ ಗಿಡ ಒಣಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಒಣಗಿದ್ದನ್ನು ಕಂಡವರು ಯಾರು ಎಂದು ನಾನೊಮ್ಮೆ ಕೇಳಿದ್ದೆ.

ಆ ಗಿಡವನ್ನು ಅಜ್ಜಿ ಮದುವೆಗೆ ಮೊದಲೇ ಯಾವುದೋ ಪದವಿನ ಬೋಳುಗುಡ್ಡದಿಂದ ಬುಡಸಮೇತ ಕಿತ್ತು ತಂದು ನೆಟ್ಟದ್ದಂತೆ. ಕೆಂಪುಕಲ್ಲಿನ ನೆಲದಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಜಾತಿ ಅದು. ನಾನು ಕಾಣುವಾಗ ಎರಡಾಳು ಎತ್ತರವಿತ್ತು. ದಪ್ಪ ಎಲೆ, ಮಳೆಗಾಲ ಬೇಸಗೆ ಎನ್ನದೆ ವರ್ಷವಿಡೀ ಹಸಿರು. ಕೊಂಬೆಯ ತುದಿಯಲ್ಲಿ ಗೊಂಚಲು ಗೊಂಚಲು ಕೆಂಪು ಹೂ. ಹೂವಿನ ಬುಡದಿಂದ ಸಣ್ಣ ನೂಲನ್ನು ಮೆಲ್ಲ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು ಬರುತ್ತದೆ. ಶಾಲೆಗೆ ಹೋಗುವಾಗ ಅದನ್ನು ನೆಕ್ಕದೆ ನಾನು ಮಾರ್ಗಕ್ಕೆ ಇಳಿದವಳಲ್ಲ. ಹೂ ಉದುರಿದ ಮೇಲೆ ಹಸಿರು ಕಾಯಿ, ಆಮೇಲೆ ಕೆಂಪು, ಪೂರ್ತಿ ಹಣ್ಣಾದಾಗ ಕಪ್ಪಿಗೆ ತಿರುಗಿದ ಕೆಂಪು. ಬಟಾಣಿಯಷ್ಟೇ ದೊಡ್ಡದು, ಒಳಗೆ ಎರಡು ಬೀಜ, ಸ್ವಲ್ಪ ಸಿಹಿ, ಸ್ವಲ್ಪ ಒಗರು. ಹಣ್ಣಾಗತೊಡಗಿದರೆ ಬೆಳಗ್ಗೆ ನಮಗಿಂತ ಮೊದಲು ಪಿಕಳಾರಗಳು ಬರುತ್ತಿದ್ದವು. ತಲೆಯಲ್ಲಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು, ಬಾಯಿ ಮುಚ್ಚುವುದೇ ಇಲ್ಲ. ಅವು ಒಂದು ಕೊಂಬೆಯಲ್ಲಿ, ನಾನು ಇನ್ನೊಂದು ಕೊಂಬೆಯ ಕೆಳಗೆ. ಅಳಿಲು ಬಂದರೆ ಮಾತ್ರ ನಾವೆಲ್ಲ ಸೇರಿ ಗಲಾಟೆ ಮಾಡುತ್ತಿದ್ದೆವು.

ಹೂ ಕಿತ್ತರೆ ಹಣ್ಣಿಲ್ಲ. ಇದು ಅಜ್ಜಿಗೆ ಗೊತ್ತಿತ್ತು. ಹಾಗಾಗಿ ಅವರದೊಂದು ಕಾನೂನು ಇತ್ತು. ಗಿಡದ ಅರ್ಧ ಮಾರ್ಗದ ಕಡೆಗೆ ಚಾಚಿತ್ತು, ಅರ್ಧ ಬಾವಿಯ ಕಡೆಗೆ.

"ಮಾರ್ಗದ ಕಡೆಯದ್ದು ದೈವಕ್ಕೆ. ಬಾವಿ ಕಡೆಯದ್ದು ಹಕ್ಕಿಗಳಿಗೆ, ಮಕ್ಕಳಿಗೆ. ಆ ಕಡೆ ಯಾರೂ ಕೈ ಹಾಕ್ಲಿಕ್ಕಿಲ್ಲ, ಆಯ್ತಾ?"

ಮಾಮ ಕೂಡ ಅಜ್ಜಿ ಇರುವಷ್ಟು ದಿನ ಆ ಗೆರೆ ದಾಟಲಿಲ್ಲ. ಹೊಟ್ಟೆ ಕೆಟ್ಟಾಗ ಅಜ್ಜಿ ಬಾವಿ ಕಡೆಯ ಚಿಗುರನ್ನೇ ನಾಲ್ಕು ಚಿವುಟಿ, ಜೀರಿಗೆ, ತೆಂಗಿನಕಾಯಿ ಅರೆದು, ಮಜ್ಜಿಗೆಗೆ ಹಾಕಿ ತಂಬುಳಿ ಮಾಡುತ್ತಿದ್ದರು. ಅದನ್ನು ಕುಡಿದು ಮಾಮನ ಹೊಟ್ಟೆಯೂ ಎಷ್ಟೋ ಸಲ ಸರಿಯಾಗಿದೆ.

ಈಗ ಮಾಮನ ವಿಷಯಕ್ಕೆ ಬರುತ್ತೇನೆ. ನಮ್ಮದು ಅಳಿಯಸಂತಾನದ ಕುಟುಂಬ. ಮನೆ, ಜಾಗ, ಬಳಿ ಎಂಬ ಕುಲದ ಹೆಸರು, ಎಲ್ಲವೂ ತಾಯಿಯಿಂದ ಮಗಳಿಗೆ. ಹೊರಗಿನವರು ಇದನ್ನು ಕೇಳಿ, ಅಬ್ಬ, ನಿಮ್ಮಲ್ಲಿ ಹೆಂಗಸರದ್ದೇ ಕಾರುಬಾರು ಎಂದು ಕಣ್ಣರಳಿಸುತ್ತಾರೆ. ಎಂತ ಕಾರುಬಾರು? ಮನೆ ಅಮ್ಮನದ್ದು, ಯಜಮಾನಿಕೆ ಅಮ್ಮನ ಅಣ್ಣನದ್ದು. ಕಾಗದದಲ್ಲಿ ಹೆಸರು ಇದ್ದವಳು ಬದಿಕೋಣೆಯಲ್ಲಿ, ಹೆಸರು ಇಲ್ಲದವನು ಚಾವಡಿಯಲ್ಲಿ. ನನ್ನ ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬಂದು ಅತಿಥಿಯ ಹಾಗೆ ಇದ್ದು ಹೋಗುತ್ತಿದ್ದರು. ಶಾಲೆಯ ಫೀಸಿನಿಂದ ಹಿಡಿದು ರವಿಕೆಯ ಬಟ್ಟೆಯ ಬಣ್ಣದವರೆಗೆ ತೀರ್ಮಾನ ಮಾಮನದ್ದು. ಅವರು ಕೆಟ್ಟವರಾಗಿರಲಿಲ್ಲ ಎಂದು ಚಿಕ್ಕಮ್ಮನ ಮಗ ಸುಧಾಕರ ಈಗಲೂ ವಾದಿಸುತ್ತಾನೆ. ಇರಬಹುದು. ಬಂಗುಡೆಯ ನಡುವಿನ ತುಂಡು ಅವನಿಗೂ ಆಗಾಗ ಸಿಗುತ್ತಿತ್ತು.

ಅಜ್ಜಿ ತೀರಿಕೊಂಡ ಮರುವರ್ಷ ಮಾಮನಿಗೆ ಮನೆಯ ತಂಬಿಲವನ್ನು ಜೋರಾಗಿ ಮಾಡಬೇಕು ಎಂದಾಯಿತು. ತಂಬಿಲವೆಂದರೆ ದೈವಕ್ಕೆ ವರ್ಷಕ್ಕೊಮ್ಮೆ ಮನೆಯವರು ಕೊಡುವ ಸೇವೆ. ನಮ್ಮಲ್ಲಿ ಅದು ಹತ್ತು ಜನ ಕೂಡಿ, ಬಡಿಸಿ, ಕೈಮುಗಿದು ಮುಗಿಯುತ್ತಿತ್ತು. ಆ ಸಲ ಮುಲ್ಕಿ, ಕಾಟಿಪಳ್ಳ ಕಡೆಯ ನೆಂಟರಿಗೆಲ್ಲ ಹೇಳಿಕೆ ಹೋಯಿತು. ತಿಂಗಳ ಮೊದಲೇ ಮಾಮ ದಿನಪೂಜೆಗೆಂದು ಎರಡೂ ಕಡೆಯ ಹೂ ಕೊಯ್ಯತೊಡಗಿದರು. ಬಾವಿ ಕಡೆಯ ಕೊಂಬೆಗಳು ಬೋಳು ಗೊಂಚಲು ಹಿಡಿದು ನಿಂತವು. ಪಿಕಳಾರಗಳು ಬಂದು, ಕೂತು, ಆಚೀಚೆ ನೋಡಿ ಹಾರಿಹೋದವು. ನನಗೆ ತಡೆಯಲಿಲ್ಲ.

"ಮಾಮ, ಅಜ್ಜಿ ಆ ಕಡೆ ಕೊಯ್ಯಬಾರ್ದು ಅಂತ ಹೇಳಿದ್ದಾರೆ. ಹಕ್ಕಿಗಳಿಗೆ ಎಂತ ಉಂಟು ಮತ್ತೆ?"

"ಹಕ್ಕಿಗಳು ತಂಬಿಲ ಕೊಡ್ತವಾ ಮಾರಾಯ್ತಿ?" ಎಂದರು ಮಾಮ. ಚಿಕ್ಕಮ್ಮ ನಕ್ಕಳು. ಮಾಮ ಹೇಳಿದ್ದಕ್ಕೆ ನಗುವುದು ಆ ಮನೆಯಲ್ಲಿ ಹೆಂಗಸರ ಕೆಲಸಗಳಲ್ಲಿ ಒಂದಾಗಿತ್ತು.

ಎರಡೂ ಕಡೆ ಕೊಯ್ದರೂ ಅವರಿಗೆ ಸಾಕಾಗಲಿಲ್ಲ. ತಂಬಿಲದ ದಿನ ಮಣೆಯಿಂದ ಹೊಸ್ತಿಲ ತನಕ ಕೇಪುಳದ ಹೂವೇ ಕಾಣಬೇಕು, ಅದೂ ನಮ್ಮದೇ ಅಂಗಳದ್ದು. ಒಂದು ಭಾನುವಾರ ಬೆಳಗ್ಗೆ, ಹಲ್ಲುಜ್ಜಿ ಬರುವಾಗ ನೋಡಿದೆ: ಮಾಮ ಗಿಡದ ಬುಡದಲ್ಲಿ ಕೂತು ಮಣ್ಣು ಕೆದಕುತ್ತಿದ್ದಾರೆ. ಪಕ್ಕದಲ್ಲಿ ಸರ್ಕಾರಿ ಗೊಬ್ಬರದ ಚೀಲ. ಯೂರಿಯಾವನ್ನು ಆಗ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಗದ್ದೆಗೆ ತಂದು ಉಳಿದಿದ್ದ ಅರ್ಧ ಚೀಲ, ಸಕ್ಕರೆಯ ಹಾಗೆ ಬೆಳ್ಳಗೆ. ಬೊಗಸೆ ಬೊಗಸೆ ತೆಗೆದು ಬೇರಿಗೆ ತಾಗುವಂತೆ ಸುರಿದರು. ಬೇಸಗೆಯ ದಿನ, ಬಾವಿಯಲ್ಲಿ ನೀರು ತಳ ಕಂಡಿತ್ತು; ಮೇಲಿನಿಂದ ಒಂದೇ ಕೊಡ ನೀರು ಹಾಕಿದರು. ಆ ಕೊಡ ಎತ್ತಿಕೊಟ್ಟವಳು ನಾನು. ಶಾಲೆಯಲ್ಲಿ ಗೊಬ್ಬರದ ಪಾಠ ಅದೇ ವರ್ಷ ಆಗಿತ್ತು.

"ಮಾಮ, ಇಷ್ಟೆಲ್ಲ ಹಾಕಿದ್ರೆ ಬೇರು ಸುಡ್ತದೆ. ಪುಸ್ತಕದಲ್ಲಿ ಉಂಟು."

"ಆ ಪುಸ್ತಕ ತೆಗೆಸಿ ಕೊಟ್ಟದ್ದು ಯಾರು ನಿನಗೆ?"

ತೆಗೆಸಿ ಕೊಟ್ಟದ್ದು ಅವರೇ.

ಒಂದು ವಾರದಲ್ಲಿ ಎಲೆಗಳ ಅಂಚು ಕಂದಿತು. ಆಮೇಲೆ ಕಂದು ಒಳಗೆ ಹಬ್ಬಿತು. ನನ್ನ ಆಯುಷ್ಯದಲ್ಲಿ ಒಂದೇ ಒಂದು ದಿನವೂ ಹಸಿರು ಬಿಡದ ಗಿಡ ಅದು, ಹದಿನೈದು ದಿನದಲ್ಲಿ ಪೊರಕೆಯ ಕಡ್ಡಿಗಳಂತೆ ನಿಂತಿತು. ಅಂಗಳ ಗುಡಿಸುವಾಗ ರಾಶಿ ರಾಶಿ ಎಲೆ. ತಂಬಿಲ ಎದುರಿಗಿರುವಾಗ ದೈವದ ಹೂವಿನ ಗಿಡವೇ ಒಣಗಿದ್ದು ಸಣ್ಣ ವಿಷಯ ಅಲ್ಲ. ನಮ್ಮ ಊರಿನಲ್ಲಿ ಇಂಥ ಹೊತ್ತಿಗೆ ಎಂತ ಮಾಡುತ್ತಾರೋ ಮಾಮನೂ ಅದನ್ನೇ ಮಾಡಿದರು: ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ಜೋಯಿಸರು ಕವಡೆ ಸರಿಸಿ, ಮೈಲಿಗೆ ಕಾಣುತ್ತದೆ, ಹೆಣ್ಣಿನ ಕೈ ಎಂದರಂತೆ. ಅವರು ಗೊಬ್ಬರದ ಚೀಲದ ಬಗ್ಗೆ ಕೇಳಲಿಲ್ಲ, ಮಾಮ ಹೇಳಲೂ ಇಲ್ಲ. ಹೇಳಬೇಕೆಂದು ಮಾಮನಿಗೆ ಹೊಳೆದೂ ಇರಲಿಕ್ಕಿಲ್ಲ. ತಾನು ದೈವಕ್ಕಾಗಿ ಹಾಕಿದ ಗೊಬ್ಬರ ಹೇಗೆ ತಪ್ಪಾದೀತು?

ಆ ತಿಂಗಳು ಅಮ್ಮನೂ ಬದಿಕೋಣೆಯಲ್ಲಿ ಕೂತಿದ್ದಳು, ಚಿಕ್ಕಮ್ಮನೂ ಕೂತಿದ್ದಳು, ನಾನೂ ಕೂತಿದ್ದೆ. ನನಗೆ ಅದು ಸುರುವಾಗಿ ಆರು ತಿಂಗಳೂ ಆಗಿರಲಿಲ್ಲ. ಅವರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ದೊಡ್ಡವರಿಗೆ ನಿಯಮ ಗೊತ್ತಿರುತ್ತದಂತೆ. ನನ್ನನ್ನು ಚಾವಡಿಗೆ ಕರೆದು ನಿಲ್ಲಿಸಿದರು.

"ಮುಟ್ಟಿದ್ಯಾ?"

"ಇಲ್ಲ ಮಾಮ."

"ಯಾವಾಗ ನೋಡಿದ್ರೂ ಆ ಗಿಡದ ಬುಡದಲ್ಲೇ ಇರುವವಳು ನೀನು. ಸತ್ಯ ಹೇಳು."

"ಮೂರು ದಿನವೂ ಕೋಣೆಯಿಂದ ಹೊರಗೆ ಬರ್ಲಿಲ್ಲ. ಗಿಡ ಒಣಗಿದ್ದು ನೀವು ಗೊಬ್ಬರ ಹಾಕಿದ್ರಿಂದ."

ಕೆನ್ನೆಗೆ ಏಟು ಬಿತ್ತು. ಹೊಡೆದದ್ದು ಮಾಮ ಅಲ್ಲ, ಅಮ್ಮ. ಎಲ್ಲಿದ್ದಳೋ, ಅಡುಗೆಮನೆಯಿಂದ ಬಂದು, ಅರೆದ ಮಸಾಲೆ ಮೆತ್ತಿದ್ದ ಕೈಯಲ್ಲೇ ಹೊಡೆದಳು. ಕಣ್ಣಿಗೆ ಮೆಣಸು ಹೋಗಿ ನಾನು ಅರಚಿದೆ. ನನ್ನ ಅಮ್ಮ ಅದರ ಮೊದಲೂ ಆಮೇಲೂ ನನಗೆ ಹೊಡೆದವಳಲ್ಲ.

"ಒಪ್ಪಿಕೋ ಶಶಿ. ಬಾಯಿ ಮುಚ್ಚಿ ಒಪ್ಪಿಕೋ," ಎಂದಳು. ಬಾಯಿ ಮುಚ್ಚಿ ಒಪ್ಪಿಕೊಳ್ಳುವುದು ಹೇಗೆಂದು ಅವಳಿಗೇ ಗೊತ್ತು.

ತಂಬಿಲದ ದಿನ ಪೇಟೆಯಿಂದ ಕೇಪುಳದ ಹೂ ತರಿಸಿದರು. ನಲವತ್ತು ಐವತ್ತು ಜನ ಚಾವಡಿಯಿಂದ ಅಂಗಳದ ತನಕ ನಿಂತಿದ್ದರು. ನನಗೆ ತಲೆಗೆ ಸ್ನಾನ ಮಾಡಿಸಿ, ಒದ್ದೆ ಲಂಗದಲ್ಲೇ ಮಣೆಯ ಎದುರು ತಂದು, ಕೈಗೆ ಒಂದು ತೆಂಗಿನಕಾಯಿ ಕೊಟ್ಟರು. ತಪ್ಪುಕಾಣಿಕೆ ಇಡಬೇಕು, ತಪ್ಪಾಯಿತು ಎಂದು ಹೇಳಬೇಕು, ಎಲ್ಲರಿಗೂ ಕೇಳುವ ಹಾಗೆ. ನಮ್ಮ ಕಡೆ ದೈವಗಳನ್ನು ಸತ್ಯಗಳು ಎಂದೇ ಕರೆಯುತ್ತಾರೆ. ದೈವದ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಸತ್ಯ ಎಂದು ತಾವೇ ಕೈಮುಗಿಯುವ ಜಾಗದಲ್ಲಿ ಒಂದು ಮಗುವಿನ ಬಾಯಿಯಿಂದ ಸುಳ್ಳು ಹೇಳಿಸಿದರಲ್ಲ, ಆ ಜನರ ಮೇಲೆ ನನ್ನ ಸಿಟ್ಟು. ಅವರಿಗಿಂತ ಹೆಚ್ಚು ನನ್ನ ಮೇಲೆಯೇ. ಯಾಕೆಂದರೆ ನಾನು ಹೇಳಿದೆ. ಒದ್ದೆಯಲ್ಲಿ ನಡುಗುತ್ತ, ಅಮ್ಮನ ಮುಖ ನೋಡುತ್ತ, "ನನ್ನಿಂದ ತಪ್ಪಾಯ್ತು" ಎಂದು ಸ್ಪಷ್ಟವಾಗಿ ಹೇಳಿದೆ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಊಟವಾಯಿತು, ಕಡ್ಲೆಬೇಳೆ ಪಾಯಸ ಚೆನ್ನಾಗಿತ್ತೆಂದು ಮುಲ್ಕಿಯವರು ಎರಡೆರಡು ಸಲ ಹಾಕಿಸಿಕೊಂಡರು. ಗಿಡವನ್ನು ಮಾರನೆಯ ದಿನ ಕಡಿದರು.

ಆ ದಿನದಿಂದ ನಾನು ಜಗಳಗಂಟಿಯಾದೆ. ಯಾರು ಎಂತ ಹೇಳಿದರೂ, ನೀವು ಕಂಡಿದ್ದೀರಾ ಎಂದು ಕೇಳುವ ಚಟ ಹತ್ತಿಕೊಂಡಿತು. ಈ ಚಟದಿಂದ ಎರಡು ಸಂಬಂಧ ತಪ್ಪಿತು, ಮೂರನೆಯದು ಕೂಡಿಬಂತು. ನನ್ನ ಗಂಡ ಹೆಚ್ಚು ಮಾತಿನವರಲ್ಲ. ಫಳ್ನೀರಿನ ಒಂದು ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದೆ. ದಿನವಿಡೀ ರಕ್ತ ಮುಟ್ಟಿದ ಕೈ ಇದು. ಬಾಲ್ಕನಿಯ ಕುಂಡದಲ್ಲಿ ಇದೇ ಕೈಯಲ್ಲಿ ಏನು ನೆಟ್ಟರೂ ಚಿಗುರಿದೆ. ಇದನ್ನು ಮಾಮ ಇರುವಾಗಲೇ ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೇಳುವಷ್ಟರಲ್ಲಿ ಅವರಿಗೆ ಮರೆವು ಹಿಡಿದು, ನನ್ನನ್ನು ನೋಡಿ ಯಾರ ಮಗಳು ಇವಳು ಎಂದು ಕೇಳುವ ಹಾಗಾಗಿತ್ತು.

ಈ ವರ್ಷದ ತಂಬಿಲಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಎಂಬತ್ತಾರು, ನನ್ನ ಜೊತೆಗೇ ಫಳ್ನೀರಿನಲ್ಲಿ ಇದ್ದಾಳೆ. ದೇರೆಬೈಲಿನ ಮನೆ ಈಗ ಸುಧಾಕರನ ಕೈಯಲ್ಲಿ. ಗಲ್ಫಿನಿಂದ ಬಂದವನು ಚಾವಡಿಗೆ ಗ್ರಾನೈಟ್ ಹಾಕಿಸಿದ್ದಾನೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದಾನೆ. ಕಂಪೌಂಡಿನ ಉದ್ದಕ್ಕೆ ನರ್ಸರಿಯಿಂದ ತಂದ ಕುಳ್ಳು ಕೇಪುಳದ ಕುಂಡಗಳು. ಹೂವೋ ಹೂವು. ಒಂದೇ ಒಂದು ಹಣ್ಣು ಬಿಡುವುದಿಲ್ಲ. ಹಕ್ಕಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಅವನ ಮೊಮ್ಮಗಳು ಅನ್ವಿತಾ, ಹನ್ನೆರಡರ ಹುಡುಗಿ, ಒಂದು ಗೊಂಚಲಿಗೆ ಕೈ ಚಾಚಿದಳು. ಸುಧಾಕರ ಅವಳನ್ನು ಕರೆದು, ನಗುತ್ತ, ನೆಂಟರಿಗೂ ಕೇಳುವಂತೆ ಹೇಳಿದ:

"ನೀನು ಈಗ ದೊಡ್ಡವಳಾಗಿದ್ದಿ ಮಗಾ, ನೋಡಿ ಮಾಡಿ ಮುಟ್ಬೇಕು. ಹಿಂದೆ ಈ ಶಶಿ ಅಜ್ಜಿ ಹೊರಗಾದಾಗ ಮುಟ್ಟಿ, ಇಷ್ಟು ದೊಡ್ಡ ಗಿಡ ಒಣಗಿ ಹೋಗಿದೆ, ಗೊತ್ತುಂಟಾ?"

ಹುಡುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಹೆದರಿಕೆ ಇತ್ತು, ನನ್ನ ಬಗ್ಗೆಯೂ, ತನ್ನ ಕೈಯ ಬಗ್ಗೆಯೂ. ಐವತ್ತು ವರ್ಷ ನುಂಗಿದ್ದು ಅಲ್ಲೇ ಹೊರಗೆ ಬಂತು. ನಾನು ಚಾವಡಿಯ ನಡುವೆ ನಿಂತು, ಬಾಳೆಲೆ ಹಾಸುತ್ತಿದ್ದವರೂ ನಿಲ್ಲುವ ಹಾಗೆ ಹೇಳಿದೆ: ಅರ್ಧ ಚೀಲ ಯೂರಿಯಾ, ಬೇಸಗೆ, ಒಂದು ಕೊಡ ನೀರು, ಎತ್ತಿಕೊಟ್ಟವಳು ನಾನು, ಹಾಕಿದವರು ಮಾಮ. ನಾನು ಮುಟ್ಟಿರಲಿಲ್ಲ. ಮುಟ್ಟಿದ್ದರೂ ಒಣಗುತ್ತಿರಲಿಲ್ಲ.

"ಈಗ ಎಂತಕ್ಕೆ ಅಕ್ಕ ಅದೆಲ್ಲ? ಒಳ್ಳೆ ದಿನ," ಎಂದ ಸುಧಾಕರ.

ಆಗ ಗೋಡೆಯ ಬದಿಯ ಕುರ್ಚಿಯಿಂದ ಅಮ್ಮನ ಸ್ವರ ಬಂತು.

"ಅವಳು ಮುಟ್ಟಿರ್ಲಿಲ್ಲ. ಮುಟ್ಟಿದ್ದು ನಾನು."

ಸುಧಾಕರ ಊಟಕ್ಕೆ ಏಳಿ ಏಳಿ ಎಂದು ಗಡಿಬಿಡಿ ಮಾಡಿದ. ಸಂಜೆ ಮನೆಗೆ ಬಂದು, ಅಮ್ಮನ ಕಾಲಿಗೆ ಎಣ್ಣೆ ಹಚ್ಚುವಾಗ ಕೇಳಿದೆ. ಮೆಲ್ಲಗೆ ಕೇಳಿದೆನೆಂದು ಸುಳ್ಳು ಬರೆಯುವುದಿಲ್ಲ. ಕೂಗಿಯೇ ಕೇಳಿದೆ.

"ನೀನು ಮುಟ್ಟಿ ನನ್ನನ್ನು ಯಾಕೆ ಹೊಡೆದೆ? ನನ್ನ ಬಾಯಿಯಿಂದ ಯಾಕೆ ಹೇಳಿಸಿದೆ?"

"ನಿನ್ನನ್ನಾದ್ರೆ ಸಣ್ಣವಳು ಅಂತ ಬಿಡ್ತಾರೆ. ನನ್ನನ್ನು ಬಿಡ್ತಿದ್ರಾ? ಅಣ್ಣ ಹೊರಗೆ ಹಾಕಿದ್ರೆ ನಿಮ್ಮನ್ನೆಲ್ಲ ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿಕ್ಕಿತ್ತು ನಾನು?"

"ಮನೆ ನಿನ್ನದು ಅಮ್ಮ! ನಿನ್ನದೇ ಮನೆ! ಮತ್ತೆ ಗಿಡ ಸತ್ತದ್ದು ಗೊಬ್ಬರದಿಂದ. ನಿನ್ನ ಕೈಯಿಂದ ಅಲ್ಲ."

"ಗೊಬ್ಬರ ಎಲ್ಲರೂ ಹಾಕ್ತಾರೆ," ಎಂದಳು ಅಮ್ಮ. "ಎಲ್ಲರ ಗಿಡ ಸಾಯುದಿಲ್ಲ."

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಜ್ಜಿಯ ಗಿಡವನ್ನು ಕೊಂದೆ ಎಂದು ಈ ಹೆಂಗಸು ಐವತ್ತು ವರ್ಷ ನಂಬಿಕೊಂಡು ಕೂತಿದ್ದಾಳೆ. ಆ ನಂಬಿಕೆಯ ಏಟು ನನ್ನ ಕೆನ್ನೆಗೆ ಬಿತ್ತು, ಆದರೆ ಅವಳಿಗೂ ಅದರಿಂದ ಬಿಡುಗಡೆ ಆಗಲಿಲ್ಲ. ಮಾಮ ಮಾತ್ರ ಹೊಟ್ಟೆ ತುಂಬ ಉಂಡು, ಗಡದ್ದಾಗಿ ನಿದ್ದೆ ಮಾಡಿ, ಎಲ್ಲ ಮರೆತು ಸತ್ತರು. ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ನಾನು ಎಣ್ಣೆಯ ಗಿಂಡಿಯನ್ನು ದಡಕ್ಕನೆ ಕೆಳಗಿಟ್ಟೆ.

"ನಿಯಮ ಗೊತ್ತಿದ್ದವಳು ಮುಟ್ಟಿದ್ದು ಯಾಕೆ?"

"ನೀನು ಶಾಲೆಯಿಂದ ಬಂದು ಹಣ್ಣೇ ಇಲ್ಲ ಅಂತ ದಿನಾ ಅಳ್ತಿದ್ದಿ. ಅಣ್ಣನ ಕೈ ಎಟಕದ ಒಳಕೊಂಬೆಯಲ್ಲಿ ನಾಲ್ಕು ಹಣ್ಣು ಇತ್ತು. ಬಚ್ಚಲಿಗೆ ಹೋಗುವಾಗ ಕಂಡೆ. ಯಾರೂ ಇರ್ಲಿಲ್ಲ. ಕಿತ್ತು, ಬದಿಕೋಣೆಯ ಬಾಗಿಲ ಸಂದಿಯಿಂದ ನಿನ್ನ ಕೈಗೆ ಹಾಕಿದೆ. ನೀನು ಅಲ್ಲೇ ನಿಂತು ತಿಂದೆ. ಸಿಹಿ ಉಂಟಾ ಅಂತ ಕೇಳಿದ್ದೆ ನಾನು. ನೆನಪುಂಟಾ ನಿನಗೆ?"

ಯೂರಿಯಾದ ಬಣ್ಣ ನನಗೆ ನೆನಪಿದೆ. ಮೆಣಸಿನ ಉರಿ, ಒದ್ದೆ ಲಂಗ ಕಾಲಿಗೆ ಅಂಟಿದ್ದು, ಮುಲ್ಕಿಯವರು ಪಾಯಸ ಹಾಕಿಸಿಕೊಂಡದ್ದು ನೆನಪಿದೆ. ಬಾಗಿಲ ಸಂದಿ, ಅಮ್ಮನ ಕೈ, ನಾಲ್ಕು ಹಣ್ಣು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಉಂಟಮ್ಮ," ಎಂದೆ. "ಸಿಹಿ ಇತ್ತು."